ಎರಡರ ಮೇಲೂ 13/16 ಎಂದಿದ್ದರೂ ಟ್ಯೂಬ್ ಫಿಟಿಂಗ್‌ಗೆ ಕೂರದಿರುವುದೇಕೆ?

ಪ್ರಶ್ನೆ: ನಾನು ಕಲಬುರಗಿಯಲ್ಲಿದ್ದು, ಮನೆಯಲ್ಲೇ ವಿಡಿಯೊ ಎಡಿಟಿಂಗ್ ಮತ್ತು ತ್ರೀಡಿ ರೆಂಡರಿಂಗ್ ಕೆಲಸ ಮಾಡುತ್ತೇನೆ. ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಕಾರ್ಡ್ ಎರಡಕ್ಕೂ ಸೇರಿ ಒಂದು ವಾಟರ್ ಕೂಲಿಂಗ್ ಲೂಪ್ (ನೀರು ಸುತ್ತಿಸಿ ತಣಿಸುವ ವ್ಯವಸ್ಥೆ) ಕಟ್ಟಲು ಹೊರಟಿದ್ದೇನೆ. ಚಿಪ್‌ಗಳ ಮೇಲೆ ಕೂತು ಶಾಖವನ್ನು ನೀರಿಗೆ ದಾಟಿಸುವ ಎರಡು ವಾಟರ್ ಬ್ಲಾಕ್, 360 ಮಿ.ಮೀ. ಅಳತೆಯ ಎರಡು ತಾಮ್ರದ ರೇಡಿಯೇಟರ್, ರಿಸರ್ವಾಯರ್ (ನೀರಿನ ತೊಟ್ಟಿ) ಸಹಿತವಾದ ಪಂಪ್ ಕೊಂಡಾಗಿದೆ. ರಿಯಾಯಿತಿಯಲ್ಲಿ ಸಿಕ್ಕಿತೆಂದು ಟ್ಯೂಬನ್ನು ಈ ಭಾಗಗಳಿಗೆ ಜೋಡಿಸುವ, ‘13/16’ ಎಂದು ಬರೆದಿರುವ ಹತ್ತು ಕಂಪ್ರೆಷನ್ ಫಿಟಿಂಗ್‌ಗಳನ್ನೂ ತರಿಸಿದೆ. ಅಕ್ಕನ ಮಗ ಬೆಂಗಳೂರಿನಿಂದ ಪಿಇಟಿಜಿ ಎಂಬ ಪ್ಲಾಸ್ಟಿಕ್ಕಿನ ಪಾರದರ್ಶಕವಾದ ಗಟ್ಟಿ ಟ್ಯೂಬ್ ತಂದುಕೊಟ್ಟಿದ್ದಾನೆ, ಅದರ ಮೇಲೂ ‘13/16’ ಎಂದೇ ಇದೆ. ಆದರೆ ಟ್ಯೂಬ್ ಫಿಟಿಂಗ್‌ನೊಳಗೆ ಹೋಗುತ್ತಲೇ ಇಲ್ಲ. ತಪ್ಪು ಯಾವುದರಲ್ಲಿದೆ? ಇಲ್ಲಿನ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಹಿತ್ತಾಳೆಯ ಫಿಟಿಂಗ್ ಬಳಸಬಹುದೇ? ಒಟ್ಟಿನಲ್ಲಿ ಯಾವ ಟ್ಯೂಬ್, ಯಾವ ಫಿಟಿಂಗ್ ಕೊಳ್ಳಲಿ?

ಉತ್ತರ: ತಪ್ಪು ಟ್ಯೂಬಿನದೂ ಅಲ್ಲ, ಫಿಟಿಂಗಿನದೂ ಅಲ್ಲ, ಎರಡೂ ಬೇರೆ ಬೇರೆ ಜಾತಿಯವು, ಅಷ್ಟೆ. ಮೊದಲ ಸಂಖ್ಯೆ ಟ್ಯೂಬಿನ ಒಳವ್ಯಾಸ, ಎರಡನೆಯದು ಹೊರವ್ಯಾಸ. ಆಲ್ಫಾಕೂಲ್‌ನಂಥ ಕೆಲವು ತಯಾರಕರು ಇದನ್ನೇ ತಿರುಗಿಸಿ 16/10, 13/10 ಎಂದು ಬರೆಯುತ್ತಾರೆ. ಹೇಗೆ ಬರೆದಿದ್ದರೂ ದೊಡ್ಡ ಸಂಖ್ಯೆಯೇ ಹೊರವ್ಯಾಸ ಎಂದು ತಿಳಿಯಬೇಕು. ಮೆದು ಟ್ಯೂಬಿಗೂ ಗಟ್ಟಿ ಟ್ಯೂಬಿಗೂ ಅಳತೆಯನ್ನು ಬರೆಯುವ ಕ್ರಮ ಒಂದೇ ಆಗಿರುವುದರಿಂದಲೇ ನಿಮಗೆ ಈ ಗೊಂದಲವಾಗಿದೆ. ಫಿಟಿಂಗ್ ಟ್ಯೂಬನ್ನು ಹಿಡಿಯುವ ಬಗೆ ಮಾತ್ರ ಎರಡರಲ್ಲೂ ಪೂರ್ತಿ ಬೇರೆ.

ಮೆದು ಟ್ಯೂಬಿನ ಕಂಪ್ರೆಷನ್ ಫಿಟಿಂಗಿನ ಕಾಲರ್ (ತಿರುಗಿಸಿ ಬಿಗಿ ಮಾಡುವ ಹೊರಗಿನ ಬಳೆ) ಬಿಚ್ಚಿ ನೋಡಿ. ನಡುವೆ ಒಂದು ಮೂತಿ ಕಾಣುತ್ತದೆ, ಅದರ ಅಂಚು ತುಸು ಉಬ್ಬಿರುತ್ತದೆ. ಇದನ್ನು ಬಾರ್ಬ್ ಎನ್ನುತ್ತಾರೆ. ಟ್ಯೂಬ್ ಹಿಗ್ಗಿ ಈ ಮೂತಿಯ ಮೇಲೆ ಏರಬೇಕು, ಆಮೇಲೆ ಕಾಲರ್ ಹೊರಗಿನಿಂದ ಅದನ್ನು ಅದುಮಿ ಹಿಡಿಯಬೇಕು. ಹಾಗಾಗಿ ಇಲ್ಲಿ ಒಳವ್ಯಾಸ, ಹೊರವ್ಯಾಸ ಎರಡೂ ಹೊಂದಲೇಬೇಕು. ಗಟ್ಟಿ ಟ್ಯೂಬ್ ಹಿಗ್ಗುವ ವಸ್ತುವಲ್ಲ, ಆದ್ದರಿಂದ ಅದರ ಫಿಟಿಂಗಿನಲ್ಲಿ ಮೂತಿಯೇ ಇರುವುದಿಲ್ಲ. ಟ್ಯೂಬ್ ನೇರವಾಗಿ ಒಳಗಿಳಿಯುತ್ತದೆ ಮತ್ತು ಸುತ್ತಲಿನ ಒಂದೆರಡು ಓ-ರಿಂಗ್‌ಗಳು (ರಬ್ಬರಿನ ಉಂಗುರಗಳು) ಅದನ್ನು ಹೊರಮೈಯಿಂದ ಹಿಡಿಯುತ್ತವೆ. ಅಲ್ಲಿ ಹೊರವ್ಯಾಸವೊಂದೇ ಮುಖ್ಯ. ಒಳವ್ಯಾಸ 12 ಇರಲಿ, 13 ಇರಲಿ, ಫಿಟಿಂಗಿಗೆ ಅದರ ಗೊಡವೆ ಇಲ್ಲ. ನೀವು ತರಿಸಿರುವುದು ಮೆದು ಟ್ಯೂಬಿನ ಫಿಟಿಂಗ್, ನಿಮ್ಮ ಅಕ್ಕನ ಮಗ ತಂದಿರುವುದು ಗಟ್ಟಿ ಟ್ಯೂಬ್. ಬಲವಂತವಾಗಿ ಕೂರಿಸಲು ಹೋದರೆ ಟ್ಯೂಬ್ ಸೀಳುತ್ತದೆ.

ಇನ್ನೊಂದು ಸೂಕ್ಷ್ಮವಿದೆ. ಮೆದು ಟ್ಯೂಬಿನ ಅಳತೆಗಳು ಹುಟ್ಟಿದ್ದು ಇಂಚಿನಲ್ಲಿ. ಮಿಲಿಮೀಟರಿಗೆ ತರುವಾಗ ಅವನ್ನು ಪೂರ್ಣಾಂಕಕ್ಕೆ ಹೊಂದಿಸಿದ್ದಾರೆ. 3/8 ಇಂಚು ಎಂದರೆ 9.5 ಮಿ.ಮೀ., ಅದನ್ನು 10 ಎಂದು ಬರೆಯುತ್ತಾರೆ. 1/2 ಇಂಚು ಎಂದರೆ 12.7, ಅದು 13 ಆಗಿದೆ. 5/8 ಇಂಚಿನ 15.9 ಎಂಬುದು 16 ಆಗಿದೆ. ಮೆದು ಟ್ಯೂಬಿನಲ್ಲಿ ಈ ವ್ಯತ್ಯಾಸ ಲೆಕ್ಕಕ್ಕೆ ಬರುವುದಿಲ್ಲ, ಏಕೆಂದರೆ ರಬ್ಬರು ಅಷ್ಟನ್ನು ತಾನೇ ಹೊಂದಿಸಿಕೊಳ್ಳುತ್ತದೆ. ಗಟ್ಟಿ ಟ್ಯೂಬಿನಲ್ಲಿ ಹಾಗಲ್ಲ. ಅಲ್ಲಿ 12, 14, 16 ಮಿ.ಮೀ. ಎಂಬುವು ನಿಜವಾದ ಮಿಲಿಮೀಟರುಗಳು. 5/8 ಇಂಚಿನ ಅಕ್ರಿಲಿಕ್ ಟ್ಯೂಬನ್ನು 16 ಮಿ.ಮೀ. ಫಿಟಿಂಗಿಗೆ ಹಾಕಿದರೆ 0.125 ಮಿ.ಮೀ. ಸಡಿಲ ಉಳಿಯುತ್ತದೆ. ಕಣ್ಣಿಗೆ ಕಾಣದಷ್ಟು ಸಣ್ಣ ಅಂತರವಾದರೂ ಓ-ರಿಂಗಿನ ಹಿಡಿತ ಕಡಿಮೆಯಾಗಲು ಅದು ಸಾಕು. ಮೊದಲ ದಿನ ಸೋರದಿದ್ದರೂ ಯಂತ್ರವನ್ನು ಸರಿಸಿದ ದಿನ ಸೋರಬಹುದು. ಆದ್ದರಿಂದ ಗಟ್ಟಿ ಟ್ಯೂಬ್ ಕೊಳ್ಳುವವರು ಒಂದು ವರ್ನಿಯರ್ ಕ್ಯಾಲಿಪರ್ ಇಟ್ಟುಕೊಂಡು, ಲೇಬಲ್ಲನ್ನು ನಂಬದೆ ಹೊರವ್ಯಾಸವನ್ನು ತಾವೇ ಅಳೆಯುವುದು ಒಳ್ಳೆಯದು.

ಇದೆಲ್ಲ ಟ್ಯೂಬ್ ಸೇರುವ ತುದಿಯ ಮಾತಾಯಿತು. ಬ್ಲಾಕ್, ಪಂಪ್, ರೇಡಿಯೇಟರುಗಳಿಗೆ ತಿರುಗಿಸಿ ಕೂರಿಸುವ ಇನ್ನೊಂದು ತುದಿಯಲ್ಲಿ ಅದೃಷ್ಟವಶಾತ್ ಇಷ್ಟು ತೊಡಕಿಲ್ಲ. ಇಂದು ಮಾರುಕಟ್ಟೆಯಲ್ಲಿರುವ ಕಸ್ಟಮ್ ಲೂಪಿನ ಬಿಡಿಭಾಗಗಳು ಬಹುತೇಕ ಜಿ 1/4 ಎಂಬ ಥ್ರೆಡ್ಡನ್ನೇ (ತಿರುಪಿನ ಸುತ್ತು) ಬಳಸುತ್ತವೆ. ಹೆಸರಿನಲ್ಲಿ ಕಾಲು ಇಂಚು ಎಂದಿದ್ದರೂ ಕ್ಯಾಲಿಪರ್ ಇಟ್ಟರೆ ಸುಮಾರು 13.16 ಮಿ.ಮೀ. ತೋರಿಸುತ್ತದೆ, ಏಕೆಂದರೆ ಕಾಲು ಇಂಚು ಎಂಬುದು ಹಳೆಯ ಕಾಲದ ಕೊಳವೆಯ ಒಳರಂಧ್ರದ ಹೆಸರು, ಥ್ರೆಡ್ಡಿನ ಅಳತೆಯಲ್ಲ. ಇಂಚಿಗೆ 19 ಸುತ್ತು. ಮುಖ್ಯವಾದ ಸಂಗತಿಯೆಂದರೆ ಇದು ಸಮಾಂತರ ಥ್ರೆಡ್: ಬುಡದಿಂದ ತುದಿಯವರೆಗೆ ಒಂದೇ ದಪ್ಪ. ನೀರನ್ನು ತಡೆಯುವ ಕೆಲಸ ಥ್ರೆಡ್ಡಿನದಲ್ಲ, ಬುಡದಲ್ಲಿ ಕುಳಿತಿರುವ ಓ-ರಿಂಗಿನದು. ಹಾಗಾಗಿ ಇಲ್ಲಿ ಪ್ಲಂಬರುಗಳ ಟೆಫ್ಲಾನ್ ಟೇಪು ಸುತ್ತುವ ಅಗತ್ಯವೇ ಇಲ್ಲ. ಸುತ್ತಿದರೆ ಓ-ರಿಂಗ್ ಪೂರ್ತಿ ಕೂರದೆ ಉಳಿಯುವುದೂ, ಟೇಪಿನ ಎಳೆಗಳು ಬ್ಲಾಕಿನೊಳಗೆ ಸಿಕ್ಕಿಕೊಳ್ಳುವುದೂ ಉಂಟು.

ಹಾರ್ಡ್‌ವೇರ್ ಅಂಗಡಿಯ ಫಿಟಿಂಗ್ ಬೇಡ ಎನ್ನಲು ಕಾರಣವೂ ಇದೇ. ಗಾಳಿಯ ಕೊಳವೆಗೆ ಬಳಸುವ ನ್ಯೂಮ್ಯಾಟಿಕ್ ಫಿಟಿಂಗ್‌ಗಳು ನೋಡಲು ಹಾಗೇ ಇರುತ್ತವೆ, ನಿಕ್ಕಲ್ ಲೇಪದ ಹಿತ್ತಾಳೆಯವೇ ಆಗಿರುತ್ತವೆ, ಬೆಲೆಯೂ ಎಷ್ಟೋ ಕಡಿಮೆ. ಆದರೆ ಅವುಗಳಲ್ಲಿ ಬಹಳಷ್ಟರ ಥ್ರೆಡ್ ಸಮಾಂತರವಲ್ಲ. ಅದು ತುದಿಯಿಂದ ಬುಡದ ಕಡೆಗೆ 16ಕ್ಕೆ 1ರಂತೆ ದಪ್ಪವಾಗುತ್ತ ಹೋಗುತ್ತದೆ, ಥ್ರೆಡ್ಡಿನ ಮೇಲೆ ಬಿಳಿಯ ಸೀಲಂಟ್ ಪಟ್ಟಿಯೂ ಇರುತ್ತದೆ. ಥ್ರೆಡ್ಡಿನ ಹಲ್ಲಿನ ಕೋನ ಮತ್ತು ಸುತ್ತಿನ ಎಣಿಕೆ ಜಿ 1/4ರವೇ ಆದ್ದರಿಂದ ಮೊದಲ ಮೂರ್ನಾಲ್ಕು ಸುತ್ತು ಸಲೀಸಾಗಿ ಹೋಗುತ್ತದೆ, ಆಮೇಲೆ ಬಿಗಿಯಾಗುತ್ತದೆ, ತಿರುಗಿಸಿದಷ್ಟೂ ಬೆಣೆ ಹೊಡೆದಂತೆ ತೂತನ್ನು ಅಗಲಿಸುತ್ತದೆ. ಅನೇಕ ವರ್ಷಗಳ ಹಿಂದೆ ನಾನೂ ಒಮ್ಮೆ ದುಡ್ಡು ಉಳಿಸಲು ಹೋಗಿ ಅಂಥದೊಂದನ್ನು ಅಕ್ರಿಲಿಕ್ ರಿಸರ್ವಾಯರಿಗೆ ಹಾಕಿದ್ದೆ. ಸಂಜೆ ಎಲ್ಲ ಸರಿಯಿತ್ತು. ಬೆಳಗ್ಗೆ ಎದ್ದು ನೋಡಿದರೆ ತೂತಿನ ಅಂಚಿನಿಂದ ಕೂದಲೆಳೆಯಷ್ಟು ತೆಳುವಾದ ಬಿರುಕೊಂದು ಎರಡು ಬೆರಳು ಉದ್ದಕ್ಕೆ ಓಡಿತ್ತು, ಕೆಳಗಿನ ಪವರ್ ಸಪ್ಲೈಯ ಜಾಲರಿಯ ಮೇಲೆ ಹನಿ ಹನಿಯಾಗಿ ನೀರು ನಿಂತಿತ್ತು. ಉಳಿಸಿದ್ದು ನೂರಿನ್ನೂರು ರೂಪಾಯಿ. ಕಳೆದುಕೊಂಡದ್ದನ್ನು ಇಲ್ಲಿ ಬರೆಯುವುದಿಲ್ಲ. ಅಮೆರಿಕದ ಎನ್‌ಪಿಟಿ ಥ್ರೆಡ್ಡಿನದು ಇನ್ನೊಂದು ತೊಂದರೆ: ಅದೂ ದಪ್ಪವಾಗುತ್ತ ಹೋಗುವಂಥದೇ, ಜೊತೆಗೆ ಇಂಚಿಗೆ 18 ಸುತ್ತು, ಕೋನವೂ 55ರ ಬದಲು 60 ಡಿಗ್ರಿ.

ಇನ್ನು ನಿಮ್ಮ ನಿಜವಾದ ಪ್ರಶ್ನೆಗೆ ಬರುತ್ತೇನೆ. ಯಾವ ಟ್ಯೂಬ್ ಎಂಬುದನ್ನು ಚಿತ್ರಗಳನ್ನು ನೋಡಿ ತೀರ್ಮಾನಿಸುವವರೇ ಹೆಚ್ಚು, ಆದರೆ ನಿಮ್ಮ ವಿಷಯದಲ್ಲಿ ಅದನ್ನು ತೀರ್ಮಾನಿಸಬೇಕಾದದ್ದು ನಿಮ್ಮೂರಿನ ಬೇಸಿಗೆ. ಎಷ್ಟೇ ದೊಡ್ಡ ರೇಡಿಯೇಟರ್ ಹಾಕಿದರೂ ಲೂಪಿನ ನೀರು ಕೋಣೆಯ ಗಾಳಿಗಿಂತ ತಣ್ಣಗಾಗಲಾರದು. ರೆಂಡರಿಂಗ್‌ನಂಥ ಭಾರದ ಕೆಲಸ ನಡೆಯುವಾಗ ಅದು ಗಾಳಿಗಿಂತ 10ರಿಂದ 15 ಡಿಗ್ರಿ ಮೇಲಿರುವುದು ಸಹಜ. ಕಲಬುರಗಿಯಲ್ಲಿ ಮೇ ತಿಂಗಳಲ್ಲಿ ಹೊರಗೆ 42 ಡಿಗ್ರಿ ದಾಟುವುದು ಅಪರೂಪವಲ್ಲ. ಏ.ಸಿ. ಇಲ್ಲದ ಕೋಣೆಯಲ್ಲಿ 38 ಎಂದು ಹಿಡಿದರೂ ನೀರು 50 ದಾಟಬಹುದು. ಫ್ಯಾನುಗಳಿಗೆ ಧೂಳು ಕಟ್ಟಿದರೆ, ಅಥವಾ ಪಂಪ್ ನಿಂತು ಪ್ರೊಸೆಸರ್ ತಾನಾಗಿ ಆಫ್ ಆಗುವುದರೊಳಗೆ ಬ್ಲಾಕಿನ ಬಳಿಯ ನೀರು 60 ದಾಟಿದರೆ ಆಶ್ಚರ್ಯವಿಲ್ಲ. ಬಹಳ ಜನ ಬಳಸುವ ಡಿ5 ಎಂಬ ಮಾದರಿಯ ಪಂಪಿಗೆ ಹೇಳಿರುವ ಗರಿಷ್ಠ ಮಿತಿಯೂ 60 ಡಿಗ್ರಿಯೇ.

ಪಿಇಟಿಜಿ ಪೂರ್ತಿ ಮೆತ್ತಗಾಗುವುದು 80 ಡಿಗ್ರಿಯ ಆಸುಪಾಸಿನಲ್ಲಿ ಎನ್ನುವುದು ನಿಜ. ಆದರೆ ಫಿಟಿಂಗಿನ ಓ-ರಿಂಗ್‌ಗಳು ಸದಾ ಅದುಮುತ್ತಿರುವ ಜಾಗದಲ್ಲಿ ಅದು 60 ದಾಟಿದೊಡನೆಯೇ ಆಕಾರ ಬಿಡಲು ತೊಡಗುತ್ತದೆ. ಟ್ಯೂಬಿನ ಮೈಯಲ್ಲಿ ಉಂಗುರದಂತೆ ತಗ್ಗು ಬೀಳುತ್ತದೆ, ಉದ್ದನೆಯ ಅಡ್ಡ ಟ್ಯೂಬ್ ನಡುವೆ ಜೋತು ಬೀಳುತ್ತದೆ, ಕೊನೆಗೊಂದು ದಿನ ತುದಿ ಫಿಟಿಂಗಿನಿಂದ ಜಾರಿ ಹೊರಬರುತ್ತದೆ. ಅಕ್ರಿಲಿಕ್ ಪೂರ್ತಿ ಮೆತ್ತಗಾಗುವುದು ಸುಮಾರು 105 ಡಿಗ್ರಿಯಲ್ಲಿ, ಆದ್ದರಿಂದ ಗಟ್ಟಿ ಟ್ಯೂಬೇ ಬೇಕೆನ್ನುವವರು ನಿಮ್ಮೂರಿನಲ್ಲಿ ಅಕ್ರಿಲಿಕ್ ಆರಿಸುವುದು ಮೇಲು. ಅದಕ್ಕೆ ಬೇರೆ ಕಟ್ಟುಪಾಡುಗಳಿವೆ: ಕತ್ತರಿಸುವಾಗ ಚಿಟಿಲ್ಲೆಂದು ಒಡೆಯುತ್ತದೆಯಾದ್ದರಿಂದ ಸಣ್ಣ ಹಲ್ಲಿನ ಗರಗಸ ಬೇಕು, ಸ್ಪಿರಿಟ್ ಅಥವಾ ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ಒರೆಸಿದರೆ ಬಾಗಿಸಿದ ಜಾಗದಲ್ಲೆಲ್ಲ ಸಣ್ಣ ಬಿರುಕುಗಳು ಮೂಡುತ್ತವೆ, ತುದಿಯ ಚೂಪು ಅಂಚನ್ನು ಉಜ್ಜಿ ಇಳಿಜಾರು ಮಾಡದೆ ತಳ್ಳಿದರೆ ಅದು ಓ-ರಿಂಗನ್ನು ಬ್ಲೇಡಿನಂತೆ ಕೊಯ್ಯುತ್ತದೆ. ಕೊನೆಯ ಮಾತು ಪಿಇಟಿಜಿಗೂ ಅನ್ವಯಿಸುತ್ತದೆ.

ಆದರೆ ನನ್ನನ್ನು ಕೇಳಿದರೆ, ಹೊಟ್ಟೆಪಾಡಿನ ಕೆಲಸ ಮಾಡುವ ಯಂತ್ರಕ್ಕೆ ಗಟ್ಟಿ ಟ್ಯೂಬಿನ ಶೋಕಿಯೇ ಬೇಡ. ಗ್ರಾಫಿಕ್ಸ್ ಕಾರ್ಡ್ ಬದಲಿಸಿದಾಗ ಎರಡು ಟ್ಯೂಬುಗಳನ್ನು ಹೊಸದಾಗಿ ಬಾಗಿಸುತ್ತ ಕೂರುವ ಬಿಡುವು ನಿಮಗೆ ಇರಲಾರದು.

ಮೆದು ಟ್ಯೂಬುಗಳಲ್ಲಿ ಪಾರದರ್ಶಕವಾದವು ಹೆಚ್ಚಾಗಿ ಪಿವಿಸಿ. ಪಿವಿಸಿ ಸ್ವಭಾವತಃ ಗಡುಸು ವಸ್ತು. ಪ್ಲಾಸ್ಟಿಸೈಜರ್ ಎಂಬ ಎಣ್ಣೆಯಂಥ ರಾಸಾಯನಿಕ ಬೆರೆಸಿ ಅದನ್ನು ಮೆತ್ತಗೆ ಮಾಡಿರುತ್ತಾರೆ. ಬಿಸಿನೀರು ವರ್ಷಗಟ್ಟಲೆ ಹರಿಯುತ್ತಿದ್ದರೆ ಆ ರಾಸಾಯನಿಕ ನಿಧಾನವಾಗಿ ಹೊರಬಂದು ನೀರಿಗೆ ಸೇರುತ್ತದೆ, ಮತ್ತು ನೀರು ಬಿಸಿಯಾದಷ್ಟೂ ಇದು ಬೇಗ ನಡೆಯುತ್ತದೆ. ಟ್ಯೂಬ್ ಮಬ್ಬಾಗುವುದು ಹೊರಗೆ ಕಾಣುವ ಲಕ್ಷಣ ಮಾತ್ರ. ಅಂಥ ಲೂಪಿನ ಪ್ರೊಸೆಸರ್ ಬ್ಲಾಕನ್ನು ಬಿಚ್ಚಿ ನೋಡಿದವರಿಗೆ ಒಳಗಿನ ಕಥೆ ಗೊತ್ತು. ಅರ್ಧ ಮಿಲಿಮೀಟರಿಗಿಂತ ಕಿರಿದಾದ ಸಂದುಗಳಿರುವ ತಾಮ್ರದ ಏಣುಗಳ ಮೇಲೆ, ಹಾಲಿನ ಪಾತ್ರೆಯ ಅಂಚಿಗೆ ಕೆನೆ ಕಟ್ಟಿದಂತೆ, ಬೆರಳಿಗೆ ಜಿಡ್ಡಾಗಿ ಅಂಟುವ ಬಿಳಿಯ ಪದರ ಕೂತಿರುತ್ತದೆ. ಹಲ್ಲುಜ್ಜುವ ಮೆದು ಬ್ರಷ್ ಹಿಡಿದು ಅದನ್ನು ಒಂದೊಂದೇ ಸಂದಿನಿಂದ ತೆಗೆಯುವುದು ಒಂದು ಮಧ್ಯಾಹ್ನದ ಕೆಲಸ. ತಾಪಮಾನ ಏರುತ್ತಿದೆ, ಪಂಪ್ ಹಾಳಾಗಿದೆ ಎಂದು ನನ್ನಲ್ಲಿಗೆ ಬಂದ ಯಂತ್ರಗಳಲ್ಲಿ ಎಷ್ಟೋ ಸಲ ಪಂಪ್ ಸರಿಯಾಗಿಯೇ ಇತ್ತು, ಕಟ್ಟಿಕೊಂಡಿದ್ದದ್ದು ಈ ಕೆನೆ.

ಇಪಿಡಿಎಂ ಎಂಬ ಕಪ್ಪು ರಬ್ಬರಿನ ಟ್ಯೂಬಿಗೆ ಈ ರೋಗವಿಲ್ಲ. ಕಾರಿನ ರೇಡಿಯೇಟರಿನ ಹೋಸ್ ಪೈಪುಗಳಿಗೂ ಇದೇ ಜಾತಿಯ ರಬ್ಬರನ್ನು ಬಳಸುತ್ತಾರೆ ಎಂದರೆ ಬಿಸಿಯನ್ನು ಎಷ್ಟು ತಡೆಯುತ್ತದೆ ಎಂಬ ಅಂದಾಜು ನಿಮಗೆ ಸಿಗುತ್ತದೆ. ಒಳಗಿನ ನೀರು ಆವಿಯಾಗಿ ಟ್ಯೂಬಿನ ಗೋಡೆಯ ಮೂಲಕ ಹೊರಹೋಗುವುದೂ ಇದರಲ್ಲಿ ಕಡಿಮೆ. ಸಿಲಿಕೋನ್ ಟ್ಯೂಬ್ ಬಿಸಿಗೆ ಇನ್ನೂ ಗಟ್ಟಿಯಾದರೂ ಅದರ ಗೋಡೆಯಿಂದ ಆವಿ ಸಲೀಸಾಗಿ ಹೋಗುವುದರಿಂದ ರಿಸರ್ವಾಯರ್ ಮತ್ತೆ ಮತ್ತೆ ತುಂಬಬೇಕಾಗುತ್ತದೆ. ಇಪಿಡಿಎಂನ ಕೊರತೆ ಒಂದೇ: ಒಳಗೆ ಹರಿಯುವುದು ಕಾಣುವುದಿಲ್ಲ. ರಿಸರ್ವಾಯರಿನಲ್ಲಿ ಕಾಣುತ್ತದಲ್ಲ, ಸಾಕು.

ಹಾಗಾಗಿ ಇಪಿಡಿಎಂ ಟ್ಯೂಬನ್ನೇ ಕೊಳ್ಳಿ, ಅಳತೆಯಲ್ಲಿ 10/16 ಆರಿಸಿ. ನೀವು ತರಿಸಿರುವ 13/16 ಫಿಟಿಂಗಿಗೆ ಹೊಂದುವ ಮೆದು ಟ್ಯೂಬಿನ ಗೋಡೆ ಒಂದೂವರೆ ಮಿಲಿಮೀಟರಿನಷ್ಟು ಮಾತ್ರ ದಪ್ಪ. 10/16ರಲ್ಲಿ ಅದು ಮೂರು ಮಿಲಿಮೀಟರ್. ತೆಳುಗೋಡೆಯ ಟ್ಯೂಬನ್ನು ಸ್ವಲ್ಪ ಚುರುಕಾಗಿ ಬಾಗಿಸಿದರೂ ಒಳಮಗ್ಗುಲು ಮಡಚಿಕೊಂಡು ನೀರು ನಿಲ್ಲುತ್ತದೆ, ಅದೂ ಬೇಸಿಗೆಯಲ್ಲಿ ಟ್ಯೂಬ್ ಮೆತ್ತಗಾದಾಗ ಹೆಚ್ಚು. 13/19 ಅಳತೆಯ ದಪ್ಪ ಟ್ಯೂಬ್ ಮಡಚಿಕೊಳ್ಳುವುದಿಲ್ಲವಾದರೂ ಅದರ ಕಾಲರ್ ಎಷ್ಟು ಅಗಲವೆಂದರೆ ಗ್ರಾಫಿಕ್ಸ್ ಬ್ಲಾಕಿನ ಅಕ್ಕಪಕ್ಕದ ಎರಡು ತೂತುಗಳಲ್ಲಿ ಒಂದಕ್ಕೊಂದು ತಾಗಿ ಎರಡನೆಯದು ತಿರುಗುವುದೇ ಇಲ್ಲ. ಒಳವ್ಯಾಸ 13ರಿಂದ 10ಕ್ಕೆ ಇಳಿದರೆ ನೀರಿನ ಹರಿವು ಕಡಿಮೆಯಾಗುವುದಿಲ್ಲವೇ ಎಂದು ನೀವು ಕೇಳಬಹುದು. ಆಗುತ್ತದೆ, ಆದರೆ ಗಮನಕ್ಕೆ ಬರುವಷ್ಟಲ್ಲ. ಲೂಪಿನಲ್ಲಿ ನೀರನ್ನು ನಿಜವಾಗಿ ತಡೆಯುವುದು ನಾನು ಮೇಲೆ ಹೇಳಿದ ತಾಮ್ರದ ಏಣುಗಳ ಸಂದುಗಳು. ಅವುಗಳ ಮುಂದೆ ಹತ್ತು ಮಿಲಿಮೀಟರಿನ ಕೊಳವೆ ಹೆದ್ದಾರಿಯಿದ್ದಂತೆ. ಇದೇ ಜಾಡಿನಲ್ಲಿ ಇನ್ನೊಂದು ಲೆಕ್ಕ: ಗಂಟೆಗೆ 200 ಲೀಟರ್ ನೀರು ಸುತ್ತುತ್ತಿದ್ದು ಪ್ರೊಸೆಸರ್ ಮತ್ತು ಕಾರ್ಡ್ ಸೇರಿ 450 ವ್ಯಾಟ್ ಶಾಖ ಕೊಟ್ಟರೆ, ಲೂಪಿನ ಅತಿ ಬಿಸಿ ಮತ್ತು ಅತಿ ತಣ್ಣನೆಯ ಜಾಗಗಳ ನಡುವಿನ ವ್ಯತ್ಯಾಸ ಹೆಚ್ಚೆಂದರೆ ಎರಡು ಡಿಗ್ರಿ. ಹಾಗಾಗಿ ನೀರು ಮೊದಲು ಯಾವ ಬ್ಲಾಕಿಗೆ ಹೋಗಬೇಕು ಎಂದು ತಲೆ ಕೆಡಿಸಿಕೊಳ್ಳದೆ, ಟ್ಯೂಬ್ ಎಲ್ಲಿಂದ ಎಲ್ಲಿಗೆ ಹತ್ತಿರವೋ ಹಾಗೆ ಜೋಡಿಸಿ. ರಿಸರ್ವಾಯರ್ ಮಾತ್ರ ನೀರಿನ ದಾರಿಯಲ್ಲಿ ಪಂಪಿಗಿಂತ ಮೊದಲು ಇರಬೇಕು, ನಿಮ್ಮದರಲ್ಲಿ ಅದು ಹೇಗೂ ಜೊತೆಗೇ ಇದೆ.

ಫಿಟಿಂಗುಗಳ ಲೆಕ್ಕ ಹೀಗಿದೆ. ನಿಮ್ಮ ಲೂಪಿನಲ್ಲಿ ಐದು ಭಾಗಗಳು, ಒಂದೊಂದಕ್ಕೆ ಒಳಗೊಂದು ಹೊರಗೊಂದು, ಒಟ್ಟು ಹತ್ತು. ಇದರ ಮೇಲೆ ಎರಡು ಹೆಚ್ಚಿಗೆ ಇರಲಿ. ಅತ್ಯಂತ ಕೆಳಗಿನ ಜಾಗದಲ್ಲಿ ನೀರು ಖಾಲಿ ಮಾಡಲು ಒಂದು ಟಿ ಫಿಟಿಂಗ್ ಮತ್ತು ಬಾಲ್ ವಾಲ್ವ್ ಖಂಡಿತ ಹಾಕಿ; ಟಿ ತುಂಡಿನ ಬಾಯಿಗಳೆಲ್ಲ ಸಾಮಾನ್ಯವಾಗಿ ಒಳಥ್ರೆಡ್ಡಿನವಾದ್ದರಿಂದ ಟಿಯ ಎರಡು ಬದಿಗೆ ಇನ್ನೆರಡು ಕಂಪ್ರೆಷನ್ ಫಿಟಿಂಗ್, ವಾಲ್ವಿನ ಬಾಯಿಯೂ ಒಳಥ್ರೆಡ್ಡಿನದಾಗಿದ್ದರೆ ನಡುವೆ ಎರಡೂ ಕಡೆ ಹೊರಥ್ರೆಡ್ ಇರುವ ಸಣ್ಣ ಅಡಾಪ್ಟರ್ ಬೇಕಾಗುತ್ತದೆ. ಇದನ್ನು ಮರೆತು ಕಟ್ಟುವ ದಿನ ಕೈಕಟ್ಟಿ ಕೂತವರನ್ನು ಬಹಳ ಕಂಡಿದ್ದೇನೆ. 90 ಡಿಗ್ರಿಯ ತಿರುಗುವ ಫಿಟಿಂಗ್‌ಗಳನ್ನು ಟ್ಯೂಬ್ ಬಾಗಲು ಜಾಗವೇ ಇಲ್ಲದ ಕಡೆ ಒಂದೆರಡು ಬಳಸಿ, ಅಲಂಕಾರಕ್ಕೆಂದು ಬೇಡ. ತಿರುಗುವ ಪ್ರತಿಯೊಂದು ಕೀಲಿನಲ್ಲೂ ಮತ್ತೊಂದು ಓ-ರಿಂಗ್ ಇರುತ್ತದೆ, ಪ್ರತಿಯೊಂದು ಓ-ರಿಂಗೂ ಸೋರಬಹುದಾದ ಇನ್ನೊಂದು ಜಾಗ.

ಕೊಳ್ಳುವಾಗ ಫಿಟಿಂಗ್ ಹಿತ್ತಾಳೆಯದೆಂದು ಖಾತ್ರಿ ಮಾಡಿಕೊಳ್ಳಿ. ನಿಮ್ಮ ರೇಡಿಯೇಟರ್ ಮತ್ತು ಬ್ಲಾಕ್ ತಾಮ್ರದವು. ಅದೇ ನೀರಿನಲ್ಲಿ ಅಲ್ಯೂಮಿನಿಯಂ ಸೇರಿದರೆ ಎರಡು ಲೋಹಗಳ ನಡುವೆ ಬ್ಯಾಟರಿಯಂಥ ಕ್ರಿಯೆ ನಡೆದು ಅಲ್ಯೂಮಿನಿಯಂ ಸವೆದು ತೂತು ಬೀಳುತ್ತದೆ. ಕಪ್ಪು ಬಣ್ಣ ಬಳಿದ ಅಗ್ಗದ ಫಿಟಿಂಗನ್ನು ಕಣ್ಣಿನಿಂದ ಗುರುತಿಸುವುದು ಕಷ್ಟ, ಎರಡಕ್ಕೂ ಅಯಸ್ಕಾಂತ ಅಂಟುವುದಿಲ್ಲ. ಆದರೆ ಹಿತ್ತಾಳೆ ಅಲ್ಯೂಮಿನಿಯಂಗಿಂತ ಮೂರು ಪಟ್ಟು ಭಾರ, ಅಂಗೈಯಲ್ಲಿಟ್ಟು ತೂಗಿದರೆ ಸಾಕು.

ಕೂರಿಸುವಾಗ ಕಾಲರನ್ನು ಮೊದಲು ಟ್ಯೂಬಿಗೆ ತೊಡಿಸಿ. ಇದನ್ನು ಹೇಳಬೇಕೇ ಎನಿಸಬಹುದು, ಆದರೆ ಇಷ್ಟು ವರ್ಷವಾದರೂ ನಾನೇ ಆಗಾಗ ಮರೆಯುತ್ತೇನೆ. ಟ್ಯೂಬಿನ ತುದಿಯನ್ನು ನೇರವಾಗಿ ಕತ್ತರಿಸಿ, ಒಂದು ಲೋಟ ಬಿಸಿನೀರಿನಲ್ಲಿ ಅರ್ಧ ನಿಮಿಷ ಅದ್ದಿ, ಮೂತಿಯ ಬುಡ ಮುಟ್ಟುವವರೆಗೆ ತಳ್ಳಿ. ಫಿಟಿಂಗನ್ನು ಬ್ಲಾಕಿಗೆ ತಿರುಗಿಸುವಾಗ ಬೆರಳಿನ ಬಲವೇ ಸಾಕು: ಓ-ರಿಂಗ್ ತಾಗಿದ ಮೇಲೆ ಇನ್ನು ಸ್ವಲ್ಪ, ಅಷ್ಟೆ. ಸ್ಪ್ಯಾನರ್ ಹಿಡಿದವರು ಅಕ್ರಿಲಿಕ್ ಮುಚ್ಚಳಗಳನ್ನು ಸೀಳುತ್ತಾರೆ. ಕಾಲರನ್ನು ಬಿಗಿ ಮಾಡುವಾಗ ಟ್ಯೂಬ್ ಜೊತೆಯಲ್ಲೇ ತಿರುಗಿ ಕೆಳಗಿನ ಬುಡವನ್ನು ಸಡಿಲಿಸುವುದುಂಟು, ಆದ್ದರಿಂದ ಒಂದು ಕೈಯಲ್ಲಿ ಬುಡವನ್ನು ಹಿಡಿದಿರಿ. ಓ-ರಿಂಗಿಗೆ ಜಾರಿಕೆ ಬೇಕೆನಿಸಿದರೆ ಒಂದು ಹನಿ ಕೂಲಂಟ್ ಅಥವಾ ಸಿಲಿಕೋನ್ ಗ್ರೀಸ್ ಸವರಿ. ವ್ಯಾಸಲೀನ್, ಯಂತ್ರದೆಣ್ಣೆ ಬೇಡ. ಪೆಟ್ರೋಲಿಯಂ ಎಣ್ಣೆ ತಾಗಿದರೆ ಇಪಿಡಿಎಂ ಉಬ್ಬಿ ಹಾಳಾಗುತ್ತದೆ.

ನೀರು ತುಂಬುವ ಮೊದಲು, ಮಾಪಕವಿರುವ ಸಣ್ಣ ಕೈಪಂಪಿನಿಂದ ಲೂಪಿಗೆ ಸುಮಾರು 0.5 ಬಾರ್ ಗಾಳಿ ತುಂಬಿಸಿ ಅರ್ಧ ಗಂಟೆ ಬಿಡಿ. ನಿಮ್ಮ ಭಾಗಗಳ ಕೈಪಿಡಿಯಲ್ಲಿ ಇದಕ್ಕಿಂತ ಕಡಿಮೆ ಮಿತಿ ಹೇಳಿದ್ದರೆ ಅದನ್ನೇ ಪಾಲಿಸಿ. ಮೆದು ಟ್ಯೂಬ್ ಮೊದಲಿಗೆ ತುಸು ಹಿಗ್ಗುವುದರಿಂದ ಮುಳ್ಳು ಸ್ವಲ್ಪ ಇಳಿದು ನಿಲ್ಲುತ್ತದೆ, ಗಾಬರಿ ಬೇಡ. ನಿಲ್ಲದೆ ಇಳಿಯುತ್ತಲೇ ಹೋದರೆ ಮಾತ್ರ ಎಲ್ಲೋ ಸೋರಿಕೆಯಿದೆ. ಆಮೇಲೆ ತುಂಬುವುದು ಡಿಸ್ಟಿಲ್ಡ್ ನೀರು ಮತ್ತು ಅದಕ್ಕೆಂದೇ ಸಿಗುವ ತುಕ್ಕುನಿರೋಧಕ, ಪಾಚಿನಿರೋಧಕಗಳೇ ಆಗಿರಲಿ. ಬೋರ್‌ವೆಲ್ ನೀರಿನ ಸುಣ್ಣ ಆ ತಾಮ್ರದ ಸಂದುಗಳಿಗೆ ಪಿವಿಸಿಯ ಕೆನೆಗಿಂತ ಕೆಟ್ಟದ್ದು.

13/16 ಫಿಟಿಂಗುಗಳ ಪೊಟ್ಟಣ ಒಡೆಯದಿದ್ದರೆ ಹಿಂದಿರುಗಿಸಿ, 10/16 ತರಿಸಿಕೊಳ್ಳಿ. ಟ್ಯೂಬ್ ಮೂರು ಮೀಟರ್ ಇದ್ದರೆ ಒಂದೆರಡು ತಪ್ಪು ಕತ್ತರಿಕೆಗೂ ಅವಕಾಶವಿರುತ್ತದೆ. ಪಿಇಟಿಜಿ ಟ್ಯೂಬನ್ನು ಎಸೆಯಬೇಡಿ, ಅಕ್ಕನ ಮಗನಿಗೇ ವಾಪಸು ಕೊಡಿ. ಬೆಂಗಳೂರಿನ ಕೋಣೆಯಲ್ಲಿ, 16 ಮಿ.ಮೀ. ಗಟ್ಟಿ ಟ್ಯೂಬಿನ ಫಿಟಿಂಗ್‌ಗಳ ಜೊತೆ, ಅದು ಚೆನ್ನಾಗಿಯೇ ನಡೆಯುತ್ತದೆ.